ಗಣಿ ತನಿಖೆಯ ಕಾನೂನು ಮತ್ತು ಕೋಲಾರದ ಅನುಭವ

ಗಣಿಗಳ ತನಿಖೆ ಎಂದೊಡನೆ ಝರಿಯಾ, ರಾಣಿಗಂಜಗಳ ಕಲ್ಲಿದ್ದಲ ಗಣಿಗಳು ಮನಸ್ಸಿಗೆ ಬರುವುದು ಸಹಜ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ; ಇಲ್ಲಿಯ ಬಂಡೆಗಳು ಕಲ್ಲಿದ್ದಲನ್ನು ಹೊತ್ತ ಗೊಂಡ್ವಾನ ಪದರಗಳಿಗಿಂತ ಬಹು ಪುರಾತನವಾದವು. ಆದರೂ ಭಾರತದಲ್ಲಿ ಗಣಿ ತನಿಖೆಯ ಕಾನೂನು ಹುಟ್ಟಿದ ವೃತ್ತಾಂತದಲ್ಲಿ ಕಲ್ಲಿದ್ದಲಿನ ಜೊತೆಗೇ ಕೋಲಾರದ ಹೆಸರೂ ಸೇರಿಕೊಂಡಿದೆ.

ಗಣಿಗಳಿಗೆ ಸರ್ಕಾರದ ತನಿಖೆ ಅವಶ್ಯವೆಂಬ ಸೂಚನೆಯನ್ನು ಲಂಡನ್ನಿನ ಭಾರತ ಮಂತ್ರಿಗಳು ಕಳುಹಿಸಿದುದು 1890ರಲ್ಲಿ. 1894ರಲ್ಲಿ ಜೇಮ್ಸ್ ಗ್ರಂಡಿ ಎಂಬವರು ಭಾರತದ ಮೊದಲ ಗಣಿ ಇನ್ಸ್‌ಪೆಕ್ಟರಾಗಿ ನೇಮಕಗೊಂಡರು. ಸೂಚನೆ ಬಂದಿತು, ಅಧಿಕಾರಿ ಬಂದರು. ಕಾನೂನು ಮಾತ್ರ ಬರಲಿಲ್ಲ. ಅದನ್ನು ತ್ವರೆಗೊಳಿಸಿದವು ಎರಡು ದುರಂತಗಳು. 1897ರಲ್ಲಿ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲ ಗಣಿಯಲ್ಲಿ 47 ಮಂದಿ ಮಡಿದರು. ಅದಕ್ಕೆ ಸ್ವಲ್ಪ ಮುಂಚೆಯೇ ಕೋಲಾರದ ಚಿನ್ನದ ಗಣಿಯಲ್ಲಿ 52 ಮಂದಿ ಪ್ರಾಣ ಕಳೆದುಕೊಂಡಿದ್ದರು. 1901ರ ಭಾರತೀಯ ಗಣಿ ಕಾಯಿದೆಯ ಹಿನ್ನೆಲೆ ಇದು.

ವಿಚಿತ್ರವೆಂದರೆ, ಕೋಲಾರದ ಸಾವುಗಳು ಯಾವ ಕಾಯಿದೆಗೆ ಕಾರಣವಾದವೋ ಆ ಕಾಯಿದೆ ಕೋಲಾರಕ್ಕೆ ಅನ್ವಯಿಸಲಿಲ್ಲ. ಮೈಸೂರು ದೇಶೀಯ ಸಂಸ್ಥಾನವಾಗಿತ್ತು. ಬ್ರಿಟಿಷ್ ಇಂಡಿಯಾದ ಶಾಸನ ಅದರ ಗಡಿಯಲ್ಲಿ ನಿಲ್ಲುತ್ತಿತ್ತು. ಸಂಸ್ಥಾನವು ತನ್ನದೇ ಆದ ಗಣಿ ಕಾಯಿದೆಯನ್ನು 1906ರಲ್ಲಿ ಮಾಡಿತು. 1894ರಲ್ಲಿ ಸ್ಥಾಪಿತವಾಗಿದ್ದ ಭೂವಿಜ್ಞಾನ ಇಲಾಖೆಗೂ ಗಣಿ ತನಿಖೆಗೂ ನಿಕಟ ಸಂಬಂಧವಿದ್ದು, ಡಾ. ಡಬ್ಲ್ಯು. ಎಫ್. ಸ್ಮೀತ್ ಅವರು ಸಂಸ್ಥಾನದ ಭೂವಿಜ್ಞಾನಿಯೂ ಮುಖ್ಯ ಗಣಿ ಇನ್ಸ್‌ಪೆಕ್ಟರೂ ಆಗಿದ್ದರು. ಗಣಿಗಳನ್ನು ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ವ್ಯವಸ್ಥಾಪಕರು. ತೆಗೆದ ಚಿನ್ನದ ಮೇಲೆ ಸಂಸ್ಥಾನಕ್ಕೆ ರಾಜಧನ ಸಲ್ಲುತ್ತಿತ್ತು. ಗಣಿಯ ಲಾಭದಲ್ಲಿ ಪಾಲುಳ್ಳ ಸರ್ಕಾರವೇ ಗಣಿಯ ದೋಷಗಳನ್ನೂ ಹುಡುಕಬೇಕಾಗಿದ್ದ ಈ ಸ್ಥಿತಿಯನ್ನು ಇತಿಹಾಸಕಾರನು ಮರೆಯಲಾಗದು. ಹಾಗೆಂದು ಇನ್ಸ್‌ಪೆಕ್ಟರುಗಳು ಕೈಕಟ್ಟಿ ಕುಳಿತಿದ್ದರೆಂದು ಹೇಳುವುದೂ ನ್ಯಾಯವಲ್ಲ.

ಕಲ್ಲಿದ್ದಲ ಗಣಿಗೆ ಇಳಿಯುವ ಇನ್ಸ್‌ಪೆಕ್ಟರನ ಮೊದಲ ಪ್ರಶ್ನೆ ಉರಿಯುವ ಅನಿಲದ್ದು: ಗಾಳಿ ಸರಿಯಾಗಿ ಹರಿಯುತ್ತಿದೆಯೇ, ದೀಪ ಸುರಕ್ಷಿತವೇ ಎಂಬುದು. ಕೋಲಾರದಲ್ಲಿ ಭಯ ಬೇರೆ. ಬೆಣಚುಕಲ್ಲಿನ ಅದಿರನ್ನು ತೆಗೆದಷ್ಟೂ ಒಳಗೆ ಖಾಲಿ ಜಾಗ ಬೆಳೆಯುತ್ತದೆ. ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ಬಂಡೆ ಗಡುಸಾದುದರಿಂದ ಬಾಗದೆ ತಡೆಯುತ್ತದೆ. ತಡೆದು ತಡೆದು ಒಂದು ಗಳಿಗೆಯಲ್ಲಿ ಸಿಡಿಯುತ್ತದೆ. ಹೀಗೆ ಸಿಡಿದುದು ಮೊದಲು ದಾಖಲಾದುದು 1898ರಲ್ಲಿ. ಆಗ ಗಣಿಯ ಆಳ ಇನ್ನೂ ಸುಮಾರು 320 ಮೀಟರು. ಮುಂದೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಗಣಿಯವರು ಇದನ್ನು ‘ಏರ್ ಬ್ಲಾಸ್ಟ್’ ಎಂದು ಕರೆದರು. ಹೆಸರು ತಪ್ಪು ದಾರಿಗೆ ಎಳೆಯುವಂಥದು: ಸಿಡಿಯುವುದು ಗಾಳಿಯಲ್ಲ, ಕಲ್ಲು. ಸ್ಮೀತ್ ಅವರು ಇದೇ ವಿಷಯವಾಗಿ 1904ರಲ್ಲಿ ಇಲಾಖೆಯ ಬುಲೆಟಿನ್ ಒಂದನ್ನು ಪ್ರಕಟಿಸಿದರು. ಲೋಪವನ್ನು ಬರೆದುಕೊಳ್ಳುವುದಷ್ಟೇ ಅಲ್ಲದೆ ಕಾರಣವನ್ನು ಶೋಧಿಸುವುದೂ ತನಿಖೆಯ ಕೆಲಸವೆಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯವೆಂದು ನಾವು ಭಾವಿಸುತ್ತೇವೆ. ಗಣಿಯೊಳಗೆ ಮರದ ಆಸರೆಗಳ ಬದಲು ಗ್ರಾನೈಟಿನ ಕಲ್ಲುಗೋಡೆಗಳು ಬಂದವು. ಶಿಲಾಸ್ಫೋಟಗಳಾದರೂ ಪೂರ್ಣವಾಗಿ ನಿಲ್ಲಲಿಲ್ಲ. ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಇದೇ ಊರಿನಲ್ಲಿ ಸ್ಥಾಪಿತವಾದುದು ಆಕಸ್ಮಿಕವಲ್ಲ.

ಸಿಡಿದ ಬಂಡೆ ಆ ದಿನವೇ ಕೊಲ್ಲುತ್ತದೆ. ಆದ್ದರಿಂದ ಅದು ವರದಿಯ ಪಟ್ಟಿಯನ್ನು ಸೇರುತ್ತದೆ. ಬೆಣಚುಕಲ್ಲಿನ ಧೂಳು ಕೊಲ್ಲುವುದಕ್ಕೆ ಹತ್ತು ಇಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಕೂಲಿಯಾಳು ಕೆಲಸ ಬಿಟ್ಟು ತನ್ನ ಹಳ್ಳಿಗೆ ಹೋಗಿರುತ್ತಾನೆ. ಕೆಮ್ಮು, ಏದುಸಿರು, ಸಾವು ಎಲ್ಲವೂ ಮನೆಯ ಜಗುಲಿಯ ಮೇಲೆ ನಡೆದುಹೋಗುತ್ತವೆ. ಸಿಲಿಕೋಸಿಸ್ ಎಂಬ ಈ ಶ್ವಾಸಕೋಶದ ರೋಗ ಭಾರತದಲ್ಲಿದೆಯೆಂದು ಮೊದಲು ವರದಿಯಾದುದು ಕೋಲಾರದಿಂದಲೇ, 1947ರಲ್ಲಿ. 1940ರಿಂದ 1946ರವರೆಗೆ ನಡೆದ ಪರೀಕ್ಷೆಯಲ್ಲಿ ನೂರಕ್ಕೆ 43.7ರಷ್ಟು ಮಂದಿಯಲ್ಲಿ ರೋಗ ಕಂಡುಬಂದಿತು. ಗಣಿಗಳು ಆರಂಭವಾಗಿ ಆಗಲೇ ಆರು ದಶಕಗಳಾಗಿದ್ದವು. ಅಪಘಾತಗಳನ್ನು ವರ್ಷವರ್ಷವೂ ಎಣಿಸುತ್ತಿದ್ದ ವ್ಯವಸ್ಥೆಗೆ ಈ ಸಾವುಗಳು ಇಷ್ಟು ಕಾಲ ಕಾಣದೆ ಹೋದುದಕ್ಕೆ ಯಾರೊಬ್ಬರ ದುರುದ್ದೇಶವೂ ಬೇಕಾಗಿರಲಿಲ್ಲ. ಎಣಿಕೆಯ ಕ್ರಮವೇ ಸಾಕಾಗಿತ್ತು.

ಇದೇ ಮಾತು ಗಣಿಯ ಹೊರಗಿನ ಪರಿಸರಕ್ಕೂ ಸಲ್ಲುತ್ತದೆ. ಅದಿರನ್ನು ನುಣ್ಣಗೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿಯುವ ಪುಡಿಯೇ ಊರಿನವರು ‘ಸಯನೈಡ್ ದಿಬ್ಬ’ ಎನ್ನುವ ಬೂದುಬಣ್ಣದ ಗುಡ್ಡಗಳು. ಗಾಳಿ ಎದ್ದರೆ ಇವುಗಳ ಧೂಳು ಕಾರ್ಮಿಕರ ಮನೆಸಾಲುಗಳ ಮೇಲೆ ಇಳಿಯುತ್ತದೆ. ಮಳೆ ಬಂದರೆ ಹಳ್ಳಕ್ಕೆ ಇಳಿಯುತ್ತದೆ. ಕಾಯಿದೆಗೆ ಗಣಿಯ ಒಳಗಿನ ಕಾರ್ಮಿಕನಷ್ಟೇ ಮುಖ್ಯನಾಗಿದ್ದನು. ದಿಬ್ಬದ ಕೆಳಗೆ ಅಡಿಗೆ ಮಾಡುತ್ತಿದ್ದ ಅವನ ಹೆಂಡತಿ ಅದರ ವ್ಯಾಪ್ತಿಯಲ್ಲಿರಲಿಲ್ಲ. ಜಲಮಾಲಿನ್ಯ ಕಾಯಿದೆ 1974ರಲ್ಲಿ, ವಾಯುಮಾಲಿನ್ಯ ಕಾಯಿದೆ 1981ರಲ್ಲಿ, ಪರಿಸರ ಸಂರಕ್ಷಣಾ ಕಾಯಿದೆ 1986ರಲ್ಲಿ ಬಂದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ದಿಬ್ಬಗಳು ಉಳಿದವು.

ಈಗ ಚಿನ್ನದ ಗಣಿಗಳಿಲ್ಲವಾದರೂ ಜಿಲ್ಲೆಯಲ್ಲಿ ಕಲ್ಲು ಒಡೆಯುವ ಕೆಲಸ ನಿಂತಿಲ್ಲ. 1952ರ ಗಣಿ ಕಾಯಿದೆ ಇಡೀ ದೇಶಕ್ಕೆ ಒಂದೇ ತನಿಖಾ ವ್ಯವಸ್ಥೆಯನ್ನು ತಂದಿತು. ಅದರಡಿಯಲ್ಲಿ ಕಲ್ಲಿದ್ದಲಿಗೆ 1957ರಲ್ಲಿ, ಲೋಹದ ಗಣಿಗಳಿಗೆ 1961ರಲ್ಲಿ ಬೇರೆ ಬೇರೆ ನಿಯಮಾವಳಿಗಳಾದವು. ಆದರೆ ಕಾಯಿದೆಯ ಮೂರನೆಯ ಕಲಮು ಕಟ್ಟಡದ ಕಲ್ಲು, ಜಲ್ಲಿ ಮುಂತಾದವುಗಳ ತೆರೆದ ಗಣಿಗಳಲ್ಲಿ ಆಳ ಆರು ಮೀಟರು ಮೀರದೆ, ಆಳುಗಳು ಐವತ್ತು ಮೀರದೆ, ಸಿಡಿಮದ್ದು ಬಳಸದೆ ಇದ್ದರೆ ಅವುಗಳಿಗೆ ಬಹುಪಾಲು ವಿನಾಯಿತಿ ಕೊಟ್ಟಿತು. ಆಳವನ್ನೂ ಆಳುಗಳನ್ನೂ ಸಿಡಿಮದ್ದನ್ನೂ ಅಳೆದ ಈ ಕಲಮಿನಲ್ಲಿ ಧೂಳಿಗೆ ಅಳತೆಯಿಲ್ಲ. ಕೈಸುತ್ತಿಗೆಯಿಂದ ಕಲ್ಲು ಕಡಿಯುವವನ ಮೂಗಿಗೆ ಏರುವುದೂ ಅದೇ ಸಿಲಿಕದ ಪುಡಿ. ಚಾಂಪಿಯನ್ ರೀಫಿನ ಆಳದಲ್ಲಿ ಕಾರ್ಮಿಕರು ಉಸಿರಾಡಿದುದನ್ನೇ ಅವನು ಬಿಸಿಲಿನಲ್ಲಿ ಕುಳಿತು ಉಸಿರಾಡುತ್ತಾನೆ. ಅವನ ಎದೆಯ ಕ್ಷಕಿರಣ ಚಿತ್ರವನ್ನು ಕೇಳುವ ಇನ್ಸ್‌ಪೆಕ್ಟರು ಈ ಕಲಮಿನ ಪ್ರಕಾರ ಅವನ ಬಳಿಗೆ ಬರಬೇಕಾಗಿರಲಿಲ್ಲ.