ಥಲಸ್ಸೇಮಿಯಾ ರೋಗಿಗಳಲ್ಲಿ ಕಬ್ಬಿಣದ ಹೊರೆಯ ಮಾಪನ: ಯಕೃತ್ತು ಮತ್ತು ಹೃದಯಗಳ ಪ್ರತ್ಯೇಕ ಲೆಕ್ಕ

ಪೀಠಿಕೆ

ಆರೋಗ್ಯವಂತ ವಯಸ್ಕರ ದೇಹದಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ದಿನಕ್ಕೆ 1–2 ಮಿಲಿಗ್ರಾಂ ಕರುಳಿನ ಮೂಲಕ ಒಳಸೇರುತ್ತದೆ, ಹೆಚ್ಚುಕಡಿಮೆ ಅಷ್ಟೇ ಉದುರುವ ಜೀವಕೋಶಗಳೊಡನೆ ಹೋಗುತ್ತದೆ. ಮಿಕ್ಕಿದ್ದನ್ನು ಹೊರಹಾಕುವ ಏರ್ಪಾಡು ದೇಹಕ್ಕಿಲ್ಲ. ಬೀಟಾ ಥಲಸ್ಸೇಮಿಯಾ ಮೇಜರ್ ಎಂಬ ಆನುವಂಶಿಕ ರಕ್ತರೋಗ ಇರುವವರಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಲೇಬೇಕು; ಪ್ರತಿ ಯೂನಿಟ್‌ನಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ವರ್ಷಕ್ಕೆ 30 ಯೂನಿಟ್ ಎಂದರೆ 6 ಗ್ರಾಂ. ಈ ಹೊರೆಯನ್ನು ಯಾವ ಒಂದೇ ಅಂಕಿಯಿಂದಲೂ ಅಳೆಯಲಾಗದು ಎಂಬುದು ಪ್ರಸ್ತುತ ಲೇಖನದ ವಾದ.

ಫೆರಿಟಿನ್

ಕಬ್ಬಿಣವನ್ನು ಕೂಡಿಡುವ ಪ್ರೋಟೀನಾದ ಫೆರಿಟಿನ್ ರಕ್ತದಲ್ಲಿ ಎಷ್ಟಿದೆಯೆಂದು ನೋಡುವ ಪರೀಕ್ಷೆ ಅಗ್ಗ, ಸುಲಭ. ಮಿಲಿಲೀಟರ್‌ಗೆ 1,000 ನ್ಯಾನೋಗ್ರಾಂ ದಾಟಿದಾಗ ಕಬ್ಬಿಣ ಹೊರತೆಗೆಯುವ ಔಷಧಿ ಆರಂಭಿಸುವುದು ವಾಡಿಕೆ. ಆದರೆ ಸೋಂಕು, ಉರಿಯೂತಗಳು ಫೆರಿಟಿನ್ನನ್ನು ಏರಿಸುತ್ತವೆ. ವಿಟಮಿನ್ ಸಿ ಕೊರತೆ ಇಳಿಸುತ್ತದೆ. ಕಾಯಿಲೆಯ ಸೌಮ್ಯ ರೂಪವಾದ ಥಲಸ್ಸೇಮಿಯಾ ಇಂಟರ್‌ಮೀಡಿಯಾದಲ್ಲಿ ಯಕೃತ್ತು ಕಬ್ಬಿಣದಿಂದ ತುಂಬಿದ್ದರೂ ಫೆರಿಟಿನ್ ತಗ್ಗಿಯೇ ಕಾಣಬಹುದು. ಹಾಗಾಗಿ ನೋಡಬೇಕಾದದ್ದು ಬಿಡಿ ಅಂಕಿಯನ್ನಲ್ಲ, ತಿಂಗಳುಗಳುದ್ದದ ಏರಿಳಿತವನ್ನು.

ಯಕೃತ್ತು

ಒಣತೂಕದ ಪ್ರತಿ ಗ್ರಾಂ ಯಕೃತ್ತಿನಲ್ಲಿರುವ ಕಬ್ಬಿಣದ ಮಿಲಿಗ್ರಾಂ ಪ್ರಮಾಣವನ್ನು 10.6ರಿಂದ ಗುಣಿಸಿದರೆ, ದೇಹತೂಕದ ಪ್ರತಿ ಕಿಲೋಗೆ ಸಂಗ್ರಹವಾಗಿರುವ ಕಬ್ಬಿಣ ಮಿಲಿಗ್ರಾಂಗಳಲ್ಲಿ ತಿಳಿಯುತ್ತದೆಂದು ಆಂಜೆಲುಚ್ಚಿ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಯಕೃತ್ತಿನ ಅಂಕಿ 15 ಇರುವ 40 ಕಿಲೋ ತೂಕದ ವ್ಯಕ್ತಿಯಲ್ಲಿ ಇದು ಸುಮಾರು 6.4 ಗ್ರಾಂ. ಹಿಂದೆ ಇದಕ್ಕೆ ಸೂಜಿ ಚುಚ್ಚಿ ಯಕೃತ್ತಿನ ತುಣುಕು ತೆಗೆಯಬೇಕಿತ್ತು, ಈಗ ಎಂ.ಆರ್.ಐ. ನೋವಿಲ್ಲದೆ ಅಳೆಯುತ್ತದೆ.

ಹೃದಯ

ಕಬ್ಬಿಣ ಹೆಚ್ಚಿದಷ್ಟೂ ಎಂ.ಆರ್.ಐ. ಸಂಕೇತ ಬೇಗ ಕ್ಷೀಣಿಸುತ್ತದೆ. ಸಂಕೇತ ಕ್ಷೀಣಿಸಲು ಹಿಡಿಯುವ ಅವಧಿಯ ಅಳತೆಯೇ ಟಿ2-ಸ್ಟಾರ್. ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಹೃದಯಕ್ಕೆ ಅನ್ವಯಿಸಿದಾಗ, ಯಕೃತ್ತಿನ ಕಬ್ಬಿಣವಾಗಲಿ ಫೆರಿಟಿನ್ ಆಗಲಿ ಹೃದಯದ ಸ್ಥಿತಿಯೊಂದಿಗೆ ತಾಳೆಯಾಗಲಿಲ್ಲ. ಔಷಧಿಯಿಂದ ಯಕೃತ್ತು ಬೇಗ ಹಗುರಾಗುತ್ತದೆ, ಹೃದಯ ನಿಧಾನ. ಈ ಅಂತರದಲ್ಲೇ ಅಪಾಯ ಅಡಗಿದೆ. ಟಿ2-ಸ್ಟಾರ್ 20 ಮಿಲಿಸೆಕೆಂಡ್‌ಗಿಂತ ಕೆಳಗಿಳಿದರೆ ಹೃದಯದಲ್ಲಿ ಕಬ್ಬಿಣ ಸೇರಿದೆಯೆಂದೇ ಅರ್ಥ. ಬ್ರಿಟನ್ನಿನ 652 ರೋಗಿಗಳನ್ನು ಕುರಿತ 2009ರ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಹೃದಯ ವೈಫಲ್ಯಕ್ಕೆ ಒಳಗಾದವರಲ್ಲಿ ಶೇ. 98ರಷ್ಟು ಮಂದಿಯ ಅಳತೆ 10ಕ್ಕಿಂತ ಕಡಿಮೆಯಿತ್ತು.

ಉಪಸಂಹಾರ

ಫೆರಿಟಿನ್ ದಾರಿಯ ದಿಕ್ಕನ್ನು, ಯಕೃತ್ತು ಒಟ್ಟು ದಾಸ್ತಾನನ್ನು, ಹೃದಯದ ಟಿ2-ಸ್ಟಾರ್ ಹತ್ತಿರದ ಅಪಾಯವನ್ನು ತಿಳಿಸುತ್ತವೆ. ಇಳಿದ ಫೆರಿಟಿನ್ ಕಂಡು ಹೃದಯ ಕ್ಷೇಮವೆಂದು ತೀರ್ಮಾನಿಸುವುದು ಸಲ್ಲದು. ಹೃದಯದ ಕಬ್ಬಿಣವನ್ನು ರೋಗಲಕ್ಷಣಕ್ಕೆ ಮುನ್ನವೇ ಕಂಡರೆ ಔಷಧಿಯಿಂದ ಇಳಿಸಬಹುದು. ಆದ್ದರಿಂದ ಹೃದಯದ ಅಳತೆ ದೊಡ್ಡ ಆಸ್ಪತ್ರೆಗಳ ಸೌಲಭ್ಯವಾಗಿ ಉಳಿಯದೆ, ರಕ್ತ ಪಡೆಯುವ ಪ್ರತಿಯೊಬ್ಬರ ಚಿಕಿತ್ಸೆಯ ಭಾಗವಾಗಬೇಕು.