ಹಳೆಯ ಆವೃತ್ತಿಗೆ ಮರಳುವ ದಾರಿ: ಡೆಬಿಯನ್ ಪ್ಯಾಕೇಜುಗಳ ಚರಿತ್ರೆಯ ಒಂದು ಎಳೆ

1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದ ಕಾಲದಲ್ಲಿ, ಲಿನಕ್ಸ್ ಗಣಕಕ್ಕೆ ಹೊಸ ತಂತ್ರಾಂಶ ಬೇಕಾದವರು ಅನೇಕ ವೇಳೆ ಅದರ ಮೂಲಸಂಕೇತವನ್ನು ತಾವೇ ಕಂಪೈಲ್ ಮಾಡಿ, ಹೊಸ ಫೈಲುಗಳನ್ನು ಹಳೆಯವುಗಳ ಮೇಲೆಯೇ ಬರೆದುಬಿಡುತ್ತಿದ್ದರು. ಯಾವ ಫೈಲು ಯಾವ ತಂತ್ರಾಂಶಕ್ಕೆ ಸೇರಿದ್ದೆಂಬ ಲೆಕ್ಕ ಇಲ್ಲದಿದ್ದಲ್ಲಿ ಹಿಂದಿರುಗುವ ಮಾತೇ ಇರಲಿಲ್ಲ. ಈ ಲೆಕ್ಕವನ್ನು ಇಟ್ಟದ್ದು ಡಿಪಿಕೆಜಿ. ತಂತ್ರಾಂಶದ ಫೈಲುಗಳನ್ನು, ಅದರ ಆವೃತ್ತಿಸಂಖ್ಯೆಯನ್ನು, ಅದು ನೆಚ್ಚಿಕೊಂಡಿರುವ ಇತರ ತಂತ್ರಾಂಶಗಳ ಪಟ್ಟಿಯನ್ನು ಒಂದೇ ಕಟ್ಟಾಗಿ, ಅಂದರೆ ಪ್ಯಾಕೇಜಾಗಿ, ನಿರ್ವಹಿಸುವ ಈ ಸಾಧನವನ್ನು 1994ರಲ್ಲಿ ಇಯಾನ್ ಜಾಕ್ಸನ್ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು.

ಆದರೆ ಡಿಪಿಕೆಜಿಯ ವಿನ್ಯಾಸವೇ ಮುಮ್ಮುಖವಾದುದು. ಪ್ರತಿ ಪ್ಯಾಕೇಜಿನೊಳಗೆ ಫೈಲುಗಳ ಜೊತೆಗೆ ಸ್ಥಾಪನೆಗೆ ಮೊದಲು ಮತ್ತು ನಂತರ ನಡೆಯಬೇಕಾದ ಪುಟ್ಟ ಸ್ಕ್ರಿಪ್ಟುಗಳೂ ಇರುತ್ತವೆ. ಸ್ಥಾಪನೆಯ ನಂತರದ ಸ್ಕ್ರಿಪ್ಟಿಗೆ ಹಿಂದೆ ಇದ್ದ ಆವೃತ್ತಿ ಯಾವುದೆಂಬುದನ್ನು ತಿಳಿಸಲಾಗುತ್ತದೆ, ಅದು ತನಗಿಂತ ಹಳೆಯದಾಗಿದ್ದರೆ ಸ್ಕ್ರಿಪ್ಟು ಸಂರಚನೆಯನ್ನೋ ದತ್ತಾಂಶದ ರೂಪವನ್ನೋ ಹೊಸ ಮಾದರಿಗೆ ಬದಲಾಯಿಸುತ್ತದೆ. ಹಿಂದಿನ ಆವೃತ್ತಿ ತನಗಿಂತ ಹೊಸದಾಗಿದ್ದರೆ ಏನು ಮಾಡಬೇಕೆಂದು ಬರೆದಿಡುವವರು ವಿರಳ, ಏಕೆಂದರೆ ಮುಂದೆ ಬರಲಿರುವ ಬದಲಾವಣೆಯನ್ನು ಇಂದಿನ ಸ್ಕ್ರಿಪ್ಟು ಬಲ್ಲದ್ದಲ್ಲ. ಹಳೆಯ ಆವೃತ್ತಿಗೆ ಇಳಿಯುವ ಡೌನ್‌ಗ್ರೇಡನ್ನು ಡೆಬಿಯನ್ ಅಧಿಕೃತವಾಗಿ ಬೆಂಬಲಿಸದಿರುವುದಕ್ಕೆ ಇದು ಮುಖ್ಯ ಕಾರಣ. ಹೀಗಿದ್ದರೂ ಡಿಪಿಕೆಜಿ ಹಳೆಯ ಪ್ಯಾಕೇಜನ್ನು ಕೊಟ್ಟರೆ ತಡೆಯುವುದಿಲ್ಲ, ಒಂದು ಸಾಲಿನ ಎಚ್ಚರಿಕೆ ನೀಡಿ ಮುಂದುವರಿಯುತ್ತದೆ; ಹಾಗೆ ಇಳಿಸಿದಾಗ ಇತರ ಪ್ಯಾಕೇಜುಗಳ ಅವಲಂಬನೆ ಮುರಿಯುತ್ತದೆಯೇ ಎಂಬುದನ್ನು ತಾನು ಪರೀಕ್ಷಿಸುವುದಿಲ್ಲವೆಂದೂ, ಅದರಿಂದ ಇಡೀ ವ್ಯವಸ್ಥೆಯೇ ನಿಷ್ಪ್ರಯೋಜಕವಾಗಬಹುದೆಂದೂ ಅದರ ಕೈಪಿಡಿಯೇ ಹೇಳುತ್ತದೆ. ಅಷ್ಟು ದೊಡ್ಡ ಅಪಾಯಕ್ಕೆ ಅಷ್ಟು ಚಿಕ್ಕ ತಡೆ ಎಂಬುದು ವಿಚಿತ್ರವೇ ಸರಿ.

ಅವಲಂಬನೆಗಳನ್ನು ತಾನೇ ಬಿಡಿಸಿಕೊಂಡು ಭಂಡಾರದಿಂದ ಪ್ಯಾಕೇಜುಗಳನ್ನು ತರುವ ಆಪ್ಟ್ 1999ರ ಡೆಬಿಯನ್ 2.1ರೊಂದಿಗೆ ಬಂದಿತು. ಕೆಲವು ವರ್ಷಗಳಲ್ಲಿ ಅದಕ್ಕೆ ಪಿನ್ನಿಂಗ್ ಎಂಬ ಸೌಲಭ್ಯವೂ ಸೇರಿತು: ಪ್ರತಿ ಆವೃತ್ತಿಗೆ ಒಂದು ಆದ್ಯತಾಸಂಖ್ಯೆ ಇದ್ದು, ಭಂಡಾರದಲ್ಲಿರುವ ಸಾಮಾನ್ಯ ಪ್ಯಾಕೇಜಿಗೆ 500, ಬಳಕೆದಾರನು ಆಯ್ದುಕೊಂಡ ಬಿಡುಗಡೆಯ ಪ್ಯಾಕೇಜಿಗೆ 990 ಸಲ್ಲುತ್ತದೆ. 1000 ಅಥವಾ ಅದಕ್ಕೂ ಹೆಚ್ಚಿನ ಸಂಖ್ಯೆ ಕೊಟ್ಟರೆ ಮಾತ್ರ ಆಪ್ಟ್ ಇರುವುದಕ್ಕಿಂತ ಹಳೆಯ ಆವೃತ್ತಿಯನ್ನು ತಾನಾಗಿ ಸ್ಥಾಪಿಸುತ್ತದೆ. ಒಂದೇ ಪ್ಯಾಕೇಜಿನ ಮಟ್ಟಿಗೆ ಬಳಕೆಗೆ ಬಂದ ಪದ್ಧತಿ ಇನ್ನೂ ಸರಳ: ಹೆಸರಿನ ನಂತರ ಸಮಚಿಹ್ನೆ ಹಾಕಿ ಬೇಕಾದ ಆವೃತ್ತಿಯನ್ನು ಬರೆಯುವುದು, ಮೊದಲು ಅನುಕರಣೆಯ ಆಯ್ಕೆಯಿಂದ ಏನೇನು ತೆಗೆದುಹಾಕಲ್ಪಡುತ್ತದೆಂದು ನೋಡಿಕೊಳ್ಳುವುದು, ಇಳಿಸಿದ ಮೇಲೆ ಮುಂದಿನ ಅಪ್‌ಡೇಟ್ ಅದನ್ನು ಮತ್ತೆ ಏರಿಸದಂತೆ ಹೋಲ್ಡ್ ಗುರುತು ಹಾಕುವುದು. ಸಿ ಭಾಷೆಯ ಮೂಲ ಗ್ರಂಥಾಲಯವಾದ ಜಿಲಿಬ್‌ಸಿಗೆ ಈ ಉಪಾಯ ನಡೆಯದು, ಹೊಸ ಜಿಲಿಬ್‌ಸಿಯ ಮೇಲೆ ಕಂಪೈಲ್ ಆದ ಕಾರ್ಯಕ್ರಮಗಳು ಹಳೆಯದರ ಮೇಲೆ ಎಷ್ಟೋ ಸಲ ತೆರೆಯುವುದೇ ಇಲ್ಲ.

ಹಳೆಯ ಪ್ಯಾಕೇಜು ಎಲ್ಲಿ ಸಿಗಬೇಕೆಂಬುದು ಬೇರೆಯೇ ತೊಡಕು. ಭಂಡಾರಗಳು ಹೊಸದು ಬಂದೊಡನೆ ಹಳೆಯದನ್ನು ಕೈಬಿಡುತ್ತವೆ. ಗಣಕದ ಸಂಗ್ರಹಕೋಶದಲ್ಲಿ ಉಳಿದ ಪ್ರತಿಯೂ ಸ್ವಚ್ಛಗೊಳಿಸುವ ಒಂದು ಆದೇಶಕ್ಕೆ ಇಲ್ಲವಾಗುತ್ತದೆ. 2005ರಿಂದೀಚೆಗಿನ ಪ್ಯಾಕೇಜುಗಳನ್ನು ದಿನಾಂಕದ ಪ್ರಕಾರ ಕಾಯ್ದಿಡುವ ಡೆಬಿಯನ್ನಿನ ಸ್ನ್ಯಾಪ್‌ಶಾಟ್ ಸಂಗ್ರಹ ಈ ಕೊರತೆಯನ್ನು ತುಂಬಿತು. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ಡೋಲ್‌ಸ್ಟ್ರಾ ರೂಪಿಸಿ 2006ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆ ಇನ್ನೂ ಆಳಕ್ಕೆ ಹೋಗಿ, ಯಾವ ಆವೃತ್ತಿಯನ್ನೂ ಇನ್ನೊಂದರ ಮೇಲೆ ಬರೆಯದೆ ಪ್ರತ್ಯೇಕ ಜಾಗದಲ್ಲಿ ಇರಿಸಿತು. ಹಾಗಾಗಿ ಅಲ್ಲಿ ಮರಳುವಿಕೆ ಎಂದರೆ ಒಂದು ಕೊಂಡಿಯನ್ನು ಹಳೆಯ ತಲೆಮಾರಿನ ಕಡೆಗೆ ತಿರುಗಿಸುವುದಷ್ಟೆ. ಬಳಕೆದಾರನ ದತ್ತಾಂಶಕ್ಕೆ ಮಾತ್ರ ಈ ರಕ್ಷಣೆ ಇಲ್ಲ. 2019ರ ಫೈರ್‌ಫಾಕ್ಸ್ 67ರಿಂದ ಆ ಬ್ರೌಸರ್, ತನಗಿಂತ ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ತೆರೆಯಲು ನಿರಾಕರಿಸಿ ಹೊಸ ಪ್ರೊಫೈಲ್ ಮಾಡಿಕೊಳ್ಳಲು ಹೇಳತೊಡಗಿದ್ದು ಈ ಕಾರಣದಿಂದಲೇ.

ಇಡೀ ಡಿಸ್ಟ್ರಿಬ್ಯೂಷನ್ನೇ ಹಿಂದೆ ಸರಿಯಬೇಕಾದ ಸಂದರ್ಭ 2024ರ ಮಾರ್ಚ್ 29ರಂದು ಒದಗಿತು. ದೂರದ ಗಣಕವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದರ ಬೆನ್ನುಹತ್ತಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್, ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಅಡಗಿಸಿರುವುದನ್ನು ಬಯಲುಮಾಡಿದರು. ಡೆಬಿಯನ್ನಿನ ಸ್ಥಿರ ಬಿಡುಗಡೆಗೆ ಅದು ತಲುಪಿರಲಿಲ್ಲ, ಪರೀಕ್ಷಾ ಮತ್ತು ಅಸ್ಥಿರ ಶಾಖೆಗಳಿಗೆ ತಲುಪಿತ್ತು. ಅವುಗಳ ಬಳಕೆದಾರರನ್ನೆಲ್ಲ 5.4.5ಕ್ಕೆ ಇಳಿಸಬೇಕಿತ್ತು, ಆದರೆ ಆಪ್ಟ್ ತಾನಾಗಿ ಕೆಳಗಿಳಿಯದು. ಆವೃತ್ತಿಸಂಖ್ಯೆಯ ಮೊದಲು ಎಪಾಕ್ ಎಂಬ ಅಂಕಿಯನ್ನೂ ಅದರ ಪಕ್ಕ ವಿವರಣಚಿಹ್ನೆಯನ್ನೂ ಸೇರಿಸಿದರೆ ಯಾವ ಆವೃತ್ತಿಯೂ ಹೊಸದೆನಿಸಿಕೊಳ್ಳುತ್ತದೆಯಾದರೂ, ಒಮ್ಮೆ ಹಾಕಿದ ಎಪಾಕನ್ನು ಮುಂದೆಂದೂ ತೆಗೆಯಲಾಗದು. ಆದ್ದರಿಂದ ನಿರ್ವಾಹಕರು ಪ್ಯಾಕೇಜಿಗೆ 5.6.1+ರಿಯಲಿ5.4.5-1 ಎಂಬ ಸಂಖ್ಯೆ ಕೊಟ್ಟರು. ಆವೃತ್ತಿಗಳನ್ನು ಹೋಲಿಸುವ ಆಪ್ಟ್‌ನ ಲೆಕ್ಕದಲ್ಲಿ ಅದು 5.6.1ಕ್ಕಿಂತ ಮುಂದಿನದು, ಒಳಗಿನ ಸಂಕೇತ ಮಾತ್ರ 5.4.5ರದು. 5.6.1ಕ್ಕಿಂತ ಹೊಸ ಆವೃತ್ತಿ ಬಂದಾಗ ಆ ಬಾಲ ತಾನಾಗಿ ಕಳಚಿಕೊಂಡಿತು; 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ ಇದ್ದದ್ದು ಎಕ್ಸ್‌ಝಡ್ 5.8.1.