ಮತ್ತು ಅದರ ಕೊಡುಗೆದಾರರು

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ಬಗೆಗಿನ ವಿವರ, ಅದರೊಳಗೆ ಕಾನೂನು ಮಾಹಿತಿ, ಅದರೊಳಗೆ ಲೈಸೆನ್ಸುಗಳು ಎಂದು ಹುಡುಕುತ್ತ ಹೋದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಹೆಬ್ಬೆರಳು ಸೋಲುವಷ್ಟು ಉದ್ದದ ಪಟ್ಟಿ. ಅದನ್ನು ಯಾರೂ ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ. ಕೃತಿಸ್ವಾಮ್ಯದ ಚರಿತ್ರೆ ನನ್ನ ಪಿಎಚ್.ಡಿ. ವಿಷಯವಾದ ಮೇಲೆ ಇಂಥದ್ದನ್ನೆಲ್ಲ ಓದುವ ಚಟ ಹತ್ತಿದೆ. ಆ ಪಟ್ಟಿಯಲ್ಲಿ ಒಂದು ಸಾಲು ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ: ಕೃತಿಸ್ವಾಮ್ಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಜೆಂಟರದು. ಕೆಲವು ಕಡೆ ಅದರ ಕೆಳಗೇ ಇನ್ನೊಂದು ಸಾಲಿದೆ: ಈ ಕೋಡ್, ಕ್ರಿಸ್ ಟೋರೆಕ್ ಬರ್ಕ್ಲಿಗೆ ಕೊಡುಗೆಯಾಗಿ ಕೊಟ್ಟ ತಂತ್ರಾಂಶದಿಂದ ಬಂದದ್ದು.

ರೀಜೆಂಟರು ಎಂದರೆ ಆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ಕೋರ್ಟಿನಲ್ಲಿ, ಕರಾರಿನಲ್ಲಿ ವಿಶ್ವವಿದ್ಯಾಲಯದ ಹೆಸರೇ ಅದು. ಅವರಲ್ಲಿ ಯಾರೂ ಕೂತು ಒಂದು ಸಾಲು ಕೋಡ್ ಬರೆದಿರಲಾರರು. ಆದರೂ ಮೇಲಿನ ಸಾಲು ಅವರದು, ಬರೆದವನದು ಕೆಳಗಿನ ಸಾಲು. ಈ ಎರಡು ಸಾಲುಗಳ ನಡುವೆ ಇಪ್ಪತ್ತು ವರ್ಷಗಳ ಜಗಳವೊಂದು ಅಡಗಿದೆ.

ಕಥೆ ಶುರುವಾಗುವುದು ಯುನಿಕ್ಸ್‌ನಿಂದ. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಈ ಕಾರ್ಯಾಚರಣಾ ವ್ಯವಸ್ಥೆ ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯಗಳಿಗೆ ಸೋರ್ಸ್ ಕೋಡ್ ಸಮೇತ ಸಿಗುತ್ತಿತ್ತು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ಅದಕ್ಕೆ ತನ್ನ ಮತ್ತು ಗೆಳೆಯರ ಸೇರ್ಪಡೆಗಳನ್ನು ಟೇಪಿಗೆ ತುಂಬಿ, 1978ರಲ್ಲಿ ಸುಮಾರು 30 ಪ್ರತಿ ಹಂಚಿದ. ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್, ಅಂದರೆ ಬಿಎಸ್‌ಡಿ ಎಂಬ ಹೆಸರು ಬಂದದ್ದು ಹೀಗೆ. ಹತ್ತು ವರ್ಷದಲ್ಲಿ ಬರ್ಕ್ಲಿಯ ಸೇರ್ಪಡೆಯೇ ಬೆಟ್ಟದಷ್ಟಾಯಿತು. ಇಂಟರ್ನೆಟ್ಟಿನ ಟಿಸಿಪಿ/ಐಪಿ ಜಾಲವ್ಯವಸ್ಥೆಯನ್ನು ಯುನಿಕ್ಸ್‌ನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವರು ಅವರೇ. ಆದರೆ ಪ್ರತಿ ಟೇಪಿನಲ್ಲೂ ಎಟಿ ಅಂಡ್ ಟಿಯ ಕೋಡ್ ಬೆರೆತಿತ್ತು. ಅದನ್ನು ಪಡೆಯಲು ಆ ಕಂಪನಿಯ ಲೈಸೆನ್ಸ್ ಬೇಕು, ಲೈಸೆನ್ಸಿನ ಬೆಲೆ ವರ್ಷ ವರ್ಷಕ್ಕೆ ಏರುತ್ತಿತ್ತು.

ನಮಗೆ ಜಾಲದ ಭಾಗವಷ್ಟೇ ಸಾಕು, ಅದನ್ನು ಬೇರ್ಪಡಿಸಿ ಕೊಡಿ ಎಂದು ಜನ ಕೇಳಿದರು. 1989ರ ಜೂನ್‌ನಲ್ಲಿ ಬರ್ಕ್ಲಿ ಕೊಟ್ಟಿತು. ಟೇಪಿಗೆ 1000 ಡಾಲರ್. ಕೊಂಡವನು ಯಾರಿಗೆ ಬೇಕಾದರೂ ಪ್ರತಿ ಮಾಡಿ ಕೊಡಬಹುದು, ಬದಲಿಸಬಹುದು, ಮಾರಬಹುದು. ಷರತ್ತುಗಳು ಬೆರಳೆಣಿಕೆಯಷ್ಟು. ಕೃತಿಸ್ವಾಮ್ಯದ ಸಾಲನ್ನು ಅಳಿಸಬಾರದು. ಜಾಹೀರಾತು, ಕೈಪಿಡಿಗಳಲ್ಲಿ ಇದು ಬರ್ಕ್ಲಿಯಲ್ಲಿ ತಯಾರಾದದ್ದು ಎಂದು ಹೇಳಬೇಕು. ಆದರೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯದೆ ವಿಶ್ವವಿದ್ಯಾಲಯದ ಹೆಸರನ್ನು ಮಾಲಿನ ಪ್ರಚಾರಕ್ಕೆ ಬಳಸಬಾರದು! ನಮ್ಮ ಹೆಸರು ಹೇಳಲೇಬೇಕು, ಹೇಳಿ ಲಾಭ ಮಾಡಿಕೊಳ್ಳಕೂಡದು. ಸಂಭಾವಿತ ಮನೆತನದ ಹಿರಿಯರು ಇಡುವಂಥ ಷರತ್ತು.

ಇದಾದ ಮೇಲೆ ಬರ್ಕ್ಲಿಯ ಕೀತ್ ಬಾಸ್ಟಿಕ್‌ಗೆ ಹುಚ್ಚು ಧೈರ್ಯ ಬಂತು. ಉಳಿದದ್ದನ್ನೂ ಹೀಗೇ ಯಾಕೆ ಬಿಡುಗಡೆ ಮಾಡಬಾರದು? ಎಟಿ ಅಂಡ್ ಟಿಯ ಸಲಕರಣೆಗಳನ್ನೆಲ್ಲ, ಅವು ಏನು ಮಾಡುತ್ತವೆ ಎಂಬ ವಿವರಣೆಯನ್ನಷ್ಟೇ ನೋಡಿ ಹೊಸದಾಗಿ ಬರೆದರೆ? ಸಹೋದ್ಯೋಗಿಗಳಾದ ಮೈಕ್ ಕ್ಯಾರೆಲ್ಸ್ ಮತ್ತು ಕರ್ಕ್ ಮಕ್ಯುಸಿಕ್, ಆ ನೂರಾರು ಸಲಕರಣೆಗಳನ್ನೂ ಇಡೀ ಸಿ ಲೈಬ್ರರಿಯನ್ನೂ ನೀನು ಮುಗಿಸು, ಕರ್ನೆಲ್ ನಾವು ನೋಡಿಕೊಳ್ಳುತ್ತೇವೆ ಎಂದರಂತೆ. ಇದು ಆಗದ ಮಾತು, ಇಲ್ಲಿಗೆ ಮುಗಿಯಿತು ಎಂದುಕೊಂಡೇ ಅವರು ಹಾಗೆ ಹೇಳಿದ್ದು. ಬಾಸ್ಟಿಕ್ ಬಿಡಲಿಲ್ಲ. ಜಾಲದಲ್ಲಿ, ಸಮ್ಮೇಳನಗಳಲ್ಲಿ ಸಿಕ್ಕ ಸಿಕ್ಕವರನ್ನು ಕೇಳಿದ. ಸಂಬಳವಿಲ್ಲ. ನೀವು ಯಾವ ಸಲಕರಣೆ ಬರೆಯುತ್ತೀರೋ ಅದರ ಪಕ್ಕದಲ್ಲಿ, ಬರ್ಕ್ಲಿಯ ಕೊಡುಗೆದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಬರುತ್ತದೆ. ಕೂಲಿ ಅಷ್ಟೇ.

ಈ ವಿವರ ಓದಿದ ದಿನ ನಾನು ಮುಂದೆ ಓದದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಸಂಶೋಧನಾ ವಿದ್ಯಾರ್ಥಿಗಳಾದ ನಮಗೆ ಈ ಕೂಲಿ ಚೆನ್ನಾಗಿ ಗೊತ್ತು. ಒಮ್ಮೆ ಎಂಟು ತಿಂಗಳು ಹಳ್ಳಿ ಹಳ್ಳಿ ತಿರುಗಿ ಕಾಗದಪತ್ರ ಪಟ್ಟಿ ಮಾಡಿಕೊಟ್ಟಿದ್ದೆ. ಪುಸ್ತಕ ಅಚ್ಚಾಗಿ ಬಂದಾಗ ಸಂಪಾದಕರ ಹೆಸರಿನ ಮುಂದೆ 'ಮತ್ತು ತಂಡ' ಎಂದಿತ್ತು. ಆ ತಂಡದಲ್ಲಿ ನಾನೂ ಇದ್ದೇನೆ ಎಂದು ಅಮ್ಮನಿಗೆ ಬಿಡಿಸಿ ಹೇಳಬೇಕಾಯಿತು.

ಹೆಸರೊಂದೇ ಕೂಲಿಯಾಗಿದ್ದ ಆ ಕೆಲಸ ಹದಿನೆಂಟು ತಿಂಗಳಲ್ಲಿ ಬಹುಪಾಲು ಮುಗಿಯಿತು. ಆಗ ಕ್ಯಾರೆಲ್ಸ್, ಮಕ್ಯುಸಿಕ್ ಮಾತಿಗೆ ಸಿಕ್ಕಿಬಿದ್ದು ಕರ್ನೆಲನ್ನು ಕಡತ ಕಡತವಾಗಿ ಜಾಲಾಡಿದರು. ಕೊನೆಗೆ ಆರು ಕಡತ ಮಾತ್ರ ಎಟಿ ಅಂಡ್ ಟಿಯವು ಎಂದು ಉಳಿದವು. ಅವನ್ನು ಬಿಟ್ಟು, ಮಿಕ್ಕದ್ದನ್ನು 1991ರ ಜೂನ್‌ನಲ್ಲಿ 'ನೆಟ್‌ವರ್ಕಿಂಗ್ ರಿಲೀಸ್ 2' ಎಂಬ ಮುಗ್ಧ ಹೆಸರಿನಲ್ಲಿ ಹೊರಬಿಟ್ಟರು. ಈ ಹೊತ್ತಿಗೆ ಜಾಹೀರಾತಿನ ಷರತ್ತಿನ ಒಕ್ಕಣೆಯೂ ಬದಲಾಗಿತ್ತು. ಈ ತಂತ್ರಾಂಶವನ್ನು ಪ್ರಸ್ತಾಪಿಸುವ ಯಾವುದೇ ಜಾಹೀರಾತು, ಇದರಲ್ಲಿ 'ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಬರ್ಕ್ಲಿ ಮತ್ತು ಅದರ ಕೊಡುಗೆದಾರರು' ತಯಾರಿಸಿದ ತಂತ್ರಾಂಶವಿದೆ ಎಂದು ಸಾರಬೇಕು. ಹೆಸರಿನ ಆಸೆಗೆ ದುಡಿದ ಅಷ್ಟೂ ಜನ ಕೊನೆಯ ಎರಡು ಪದಗಳಲ್ಲಿ ಸೇರಿಕೊಂಡರು. ಅವರ ಹೆಸರುಗಳು ಕಡತದ ತಲೆಯಲ್ಲಿ ಇದ್ದವು, ನಿಜ. ಕಡತ ತೆರೆದು ನೋಡುವವರಿಗೆ ಮಾತ್ರ.

ಬಿಟ್ಟ ಆರು ಕಡತಗಳನ್ನು ಬಿಲ್ ಜೋಲಿಟ್ಜ್ ಹೊಸದಾಗಿ ಬರೆದ. ಬಿಎಸ್‌ಡಿಐ ಎಂಬ ಪುಟ್ಟ ಕಂಪನಿ 1992ರಲ್ಲಿ ಇಡೀ ವ್ಯವಸ್ಥೆಯನ್ನು 995 ಡಾಲರಿಗೆ ಮಾರಲು ಹೊರಟಿತು. ಅದರ ಟೆಲಿಫೋನ್ ಸಂಖ್ಯೆಯನ್ನು ಅಕ್ಷರದಲ್ಲಿ ಓದಿದರೆ 'ಇಟ್ಸ್ ಯುನಿಕ್ಸ್' ಎಂದಾಗುತ್ತಿತ್ತು. ಹುಲಿಯ ಮೀಸೆ ಎಳೆಯುವುದೆಂದರೆ ಇದೇ. ಎಟಿ ಅಂಡ್ ಟಿಯ ಅಂಗಸಂಸ್ಥೆ ಯುಎಸ್‌ಎಲ್ ಮೊಕದ್ದಮೆ ಹೂಡಿತು. ಆಮೇಲೆ ವಿಶ್ವವಿದ್ಯಾಲಯವನ್ನೂ ಪ್ರತಿವಾದಿಯಾಗಿ ಎಳೆದು ತಂದಿತು.

ಇಲ್ಲಿಂದ ಮುಂದೆ ನಡೆದದ್ದಕ್ಕಾಗಿಯೇ ನಾನು ಈ ಪ್ರಕರಣದ ಬೆನ್ನು ಹತ್ತಿದ್ದು. 1993ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶ ಡಿಕಿನ್ಸನ್ ಡೆಬವಾಯ್ಸ್, ಯುಎಸ್‌ಎಲ್ ಕೇಳಿದ ತಡೆಯಾಜ್ಞೆಯನ್ನು ಕೊಡಲಿಲ್ಲ. ಜಗಳದ ಬೇರು ಇದ್ದದ್ದು 32ವಿ ಎಂಬ ಹಳೆಯ ಯುನಿಕ್ಸ್ ಆವೃತ್ತಿಯಲ್ಲಿ. ಎಟಿ ಅಂಡ್ ಟಿ ಅದನ್ನು ವ್ಯಾಪಾರ ರಹಸ್ಯವೆಂದೇ ಕಾಪಾಡುತ್ತಿತ್ತು, ಹಂಚಿದ ಪ್ರತಿಗಳ ಮೇಲೆ ಕೃತಿಸ್ವಾಮ್ಯದ ಸೂಚನೆ ಹಾಕಿರಲಿಲ್ಲ. ಅಂದಿನ ಅಮೆರಿಕದ ಕಾನೂನಿನಲ್ಲಿ ಪ್ರಕಟಿತ ಪ್ರತಿಯ ಮೇಲೆ ಆ ಸೂಚನೆ ಇರಲೇಬೇಕಿತ್ತು. 1989ರಿಂದೀಚೆಗಷ್ಟೇ ಆ ಕಡ್ಡಾಯ ತಪ್ಪಿತು. ಹಾಗಾಗಿ 32ವಿ ಮೇಲಿನ ಕೃತಿಸ್ವಾಮ್ಯವನ್ನು ಯುಎಸ್‌ಎಲ್ ಉಳಿಸಿಕೊಳ್ಳುವುದು ಕಷ್ಟವೆಂದು ನ್ಯಾಯಾಧೀಶರಿಗೆ ಕಂಡಿತು. ಒಂದು ವೃತ್ತ, ಅದರೊಳಗೆ ಒಂದು ಅಕ್ಷರ, ಒಂದು ಇಸವಿ, ಒಂದು ಹೆಸರು. ಇಷ್ಟನ್ನು ಬರೆಯದೆ ಬಿಟ್ಟದ್ದಕ್ಕೆ ದೇಶದ ಅತಿ ದೊಡ್ಡ ಕಂಪನಿಗಳಲ್ಲೊಂದು ತನ್ನ ಆಸ್ತಿಯನ್ನೇ ಕಳೆದುಕೊಳ್ಳುವುದರಲ್ಲಿತ್ತು.

ವಿಶ್ವವಿದ್ಯಾಲಯ ಅಷ್ಟಕ್ಕೆ ಸುಮ್ಮನಾಗಲಿಲ್ಲ, ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ತಿರುಗಿ ಮೊಕದ್ದಮೆ ಹಾಕಿತು. ನಮ್ಮ ಕೋಡನ್ನು ನಿಮ್ಮ ಸಿಸ್ಟಂ ಫೈವ್ ಯುನಿಕ್ಸ್‌ಗೆ ಸೇರಿಸಿಕೊಂಡಿರಿ, ಲೈಸೆನ್ಸ್ ಹೇಳಿದಂತೆ ನಮ್ಮ ಹೆಸರು ಹೇಳಲಿಲ್ಲ ಎಂಬುದು ದೂರು. ಪರಿಹಾರವಾಗಿ ಕೇಳಿದ್ದು ದುಡ್ಡಿಗಿಂತ ಸ್ವಾರಸ್ಯವಾದದ್ದು. ಎಲ್ಲ ಕೈಪಿಡಿಗಳನ್ನೂ ನಮ್ಮ ಹೆಸರು ಸೇರಿಸಿ ಮರುಮುದ್ರಿಸಬೇಕು. ಎಲ್ಲ ಗಿರಾಕಿಗಳಿಗೂ ತಪ್ಪು ತಿಳಿಸಬೇಕು. ವಾಲ್ ಸ್ಟ್ರೀಟ್ ಜರ್ನಲ್, ಫಾರ್ಚೂನ್‌ನಂಥ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಒಪ್ಪಿಕೊಳ್ಳಬೇಕು. ಊರಿನ ನಡುವೆ ನಿಂತು ತಪ್ಪುಕಾಣಿಕೆ ಹಾಕಿ ಎಂದ ಹಾಗೆ.

ಅಷ್ಟರಲ್ಲಿ ಯುಎಸ್‌ಎಲ್ ನೊವೆಲ್ ಕಂಪನಿಯ ಕೈ ಸೇರಿತ್ತು. 1994ರ ಆರಂಭದಲ್ಲಿ ರಾಜಿಯಾಯಿತು. 18,000 ಕಡತಗಳಲ್ಲಿ ತೆಗೆದುಹಾಕಿದ್ದು 3. ಇನ್ನು ಕೆಲವಕ್ಕೆ ಚಿಕ್ಕ ತಿದ್ದುಪಡಿ. ಸುಮಾರು 70 ಕಡತಗಳಿಗೆ ಯುಎಸ್‌ಎಲ್‌ನ ಕೃತಿಸ್ವಾಮ್ಯದ ಸಾಲು ಸೇರಿತು, ಆದರೂ ಅವು ಮುಕ್ತವಾಗಿಯೇ ಉಳಿದವು. ಕರಾರುಪತ್ರವನ್ನು ಗುಟ್ಟಾಗಿಟ್ಟಿದ್ದರು, ಅದು ಹೊರಬಿದ್ದದ್ದು ಹತ್ತು ವರ್ಷದ ಮೇಲೆ, 2004ರಲ್ಲಿ. ವ್ಯಾಜ್ಯ ನಡೆದ ಈ ಅವಧಿಯಲ್ಲೇ ಫಿನ್‌ಲ್ಯಾಂಡಿನ ವಿದ್ಯಾರ್ಥಿಯೊಬ್ಬನ ಲಿನಕ್ಸ್ ಬೆಳೆದು ನಿಂತಿತು. ಆರಂಭಿಸುವ ಹೊತ್ತಿಗೆ ಜೋಲಿಟ್ಜ್‌ನ ಬಿಎಸ್‌ಡಿ ಕೈಗೆ ಸಿಕ್ಕಿದ್ದರೆ ಲಿನಕ್ಸ್ ಬಹುಶಃ ಹುಟ್ಟುತ್ತಲೇ ಇರಲಿಲ್ಲ ಎಂದು ಲೈನಸ್ ಟೊರ್ವಾಲ್ಡ್ಸ್ ತಾನೇ ಹೇಳಿದ್ದಾನೆ.

ಗೆದ್ದ ಷರತ್ತು ಆಮೇಲೆ ಹೊರೆಯಾಯಿತು. ಬರ್ಕ್ಲಿಯ ಲೈಸೆನ್ಸನ್ನು ನಕಲು ಮಾಡಿಕೊಂಡವರೆಲ್ಲ ವಿಶ್ವವಿದ್ಯಾಲಯದ ಹೆಸರಿದ್ದ ಜಾಗದಲ್ಲಿ ತಮ್ಮ ತಮ್ಮ ಹೆಸರು ತುಂಬಿದರು. ಜಾಹೀರಾತಿನಲ್ಲಿ ಒಬ್ಬರ ಹೆಸರು ಹೇಳುವುದು ಸರಿ, ಎಲ್ಲರದನ್ನೂ ಹೇಳುವುದು ಹೇಗೆ? ರಿಚರ್ಡ್ ಸ್ಟಾಲ್‌ಮನ್ 1997ರ ನೆಟ್‌ಬಿಎಸ್‌ಡಿಯಲ್ಲಿ ಎಣಿಸಿದಾಗ ಇಂಥ 75 ಸಾಲುಗಳು ಸಿಕ್ಕವು. ಅವನ ಜಿಪಿಎಲ್ ಲೈಸೆನ್ಸ್ ಹೊಸ ಷರತ್ತು ಸೇರಿಸುವುದನ್ನು ಒಪ್ಪದ ಕಾರಣ ಎರಡೂ ಬಗೆಯ ಕೋಡನ್ನು ಒಟ್ಟಿಗೆ ಬೆರೆಸಿ ಹಂಚುವಂತೆಯೂ ಇರಲಿಲ್ಲ. ಅವನು ಬರ್ಕ್ಲಿಯ ಡೀನ್ ಹಾಲ್ ವೇರಿಯನ್ ಜೊತೆ ಮಾತಾಡಿದ, ವೇರಿಯನ್ ಆಡಳಿತದ ಜೊತೆ ಮಾತಾಡಿದರು. 1999ರ ಜುಲೈ 22ರಂದು ವಿಲಿಯಂ ಹಾಸ್ಕಿನ್ಸ್ ಎಂಬ ಅಧಿಕಾರಿಯ ಸಹಿಯೊಂದಿಗೆ ಪತ್ರ ಹೊರಟಿತು. ಜಾಹೀರಾತಿನ ಷರತ್ತು ಇನ್ನಿಲ್ಲ. ಆದರೆ ವಿಶ್ವವಿದ್ಯಾಲಯ ಕೈಬಿಟ್ಟದ್ದು ತನ್ನ ಹಕ್ಕನ್ನಷ್ಟೇ. ನಕಲು ಮಾಡಿಕೊಂಡವರ ಷರತ್ತುಗಳನ್ನು ಅವರವರೇ ತೆಗೆಯಬೇಕಿತ್ತು, ಹಲವರು ತೆಗೆಯಲಿಲ್ಲ.

ಜಾಲದ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಅವುಗಳಲ್ಲೊಂದು. 2017ರಲ್ಲಿ ಲೈಸೆನ್ಸ್ ಬದಲಿಸಲು ಹೊರಟು, ಅದು ಸುಮಾರು 400 ಕೊಡುಗೆದಾರರಿಗೆ ಮಿಂಚಂಚೆ ಕಳಿಸಿತು. ಉತ್ತರ ಬಾರದಿದ್ದರೆ ಆಕ್ಷೇಪವಿಲ್ಲ ಎಂದುಕೊಳ್ಳುತ್ತೇವೆ ಎಂಬ ಸಾಲೂ ಅದರಲ್ಲಿತ್ತು. ಓಪನ್‌ಬಿಎಸ್‌ಡಿಯ ಥಿಯೋ ಡಿ ರಾಟ್ ಕೆಂಡವಾದ. ಮೌನವನ್ನು ಒಪ್ಪಿಗೆ ಎನ್ನುವುದು ಯಾವ ನ್ಯಾಯ? ಥಿಯೋನ ಭಾಷೆ ಒರಟು, ಆದರೆ ಈ ವಿಷಯದಲ್ಲಿ ನನ್ನ ಮನಸ್ಸು ಅವನ ಕಡೆಗೇ ವಾಲುತ್ತದೆ. ಉತ್ತರ ಕೊಡದವರಲ್ಲಿ ಕೆಲಸ ಬಿಟ್ಟವರು, ವಿಳಾಸ ಬದಲಾದವರು, ಸತ್ತವರೂ ಇರಬಹುದು. ಹೊಸ ಲೈಸೆನ್ಸಿನ ಆವೃತ್ತಿ 2021ರಲ್ಲಿ ಬಂತು.

ಇಷ್ಟೆಲ್ಲ ತಿಳಿದ ಮೇಲೆ ಫೋನಿನ ಪಟ್ಟಿಗೆ ಮತ್ತೆ ಹೋದೆ. ಟೋರೆಕ್ ಬರೆದದ್ದು ಸ್ಟಾಂಡರ್ಡ್ ಐಓ ಎಂಬ ಭಾಗ. ಕಡತ ತೆರೆಯುವುದು, ಅಕ್ಷರಗಳನ್ನು ಓದುವುದು, ಬರೆಯುವುದು ಅದರ ಕೆಲಸ. ಅದರ ಕಡತಗಳ ತಲೆಯಲ್ಲಿ 1990 ಎಂಬ ಇಸವಿಯಿದೆ, ರೀಜೆಂಟರ ಹೆಸರಿದೆ. ಅದರ ಕೆಳಗೆ, ಬಿಡಿ ಸಾಲಾಗಿ, ಕ್ರಿಸ್ ಟೋರೆಕ್.